ಹೊಟ್ಟೆಯ ಬಾಗಿಲು ಸಡಿಲವಾದಾಗ: ಬಾಯಿಯ ದಾರಿಯಲ್ಲೇ ರಿಪೇರಿ

'ಗ್ಯಾಸ್ಟ್ರಿಕ್' ಅನ್ನುವ ಪದವನ್ನು ನಾವು ದೊಡ್ಡ ಚೀಲದ ಹಾಗೆ ಬಳಸುತ್ತೇವೆ. ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ತೇಗು ಬಂದರೆ ಗ್ಯಾಸ್ಟ್ರಿಕ್, ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್. ಆ ಚೀಲದಿಂದ ಒಂದೇ ಒಂದು ಕಾಯಿಲೆಯನ್ನು ಹೊರಗೆ ತೆಗೆದು ನೋಡೋಣ. ಹೊಟ್ಟೆಯಲ್ಲೇ ಇರಬೇಕಾದ ಆಸಿಡ್ ಪದೇ ಪದೇ ಅನ್ನನಾಳಕ್ಕೆ ಉಕ್ಕಿ ಬರುವ ಕಾಯಿಲೆ ಅದು. ವೈದ್ಯರು ಜಿಇಆರ್‌ಡಿ ಅನ್ನುತ್ತಾರೆ, ಅವಸರದಲ್ಲಿ ಬರೀ 'ಗರ್ಡ್'. ಯಾವತ್ತೋ ಜಾಸ್ತಿ ತಿಂದು ಒಂದು ರಾತ್ರಿ ಎದೆ ಉರಿದರೆ ಅದು ಕಾಯಿಲೆಯಲ್ಲ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಹೀಗೇ ಆಗುತ್ತಿದ್ದರೆ ಯೋಚಿಸಬೇಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆ ಇರುವ ಬಹುಪಾಲು ಜನರ ಹೊಟ್ಟೆಯಲ್ಲಿ ಆಸಿಡ್ ಜಾಸ್ತಿ ಇರುವುದಿಲ್ಲ. ಎಲ್ಲರಿಗೆ ಎಷ್ಟಿರುತ್ತದೋ ಅಷ್ಟೇ. ಕೆಟ್ಟಿರುವುದು ಅನ್ನನಾಳಕ್ಕೂ ಹೊಟ್ಟೆಗೂ ನಡುವಿನ ಬಾಗಿಲು. ಹಾಗಿದ್ದರೂ ದಶಕಗಳಿಂದ ಇದಕ್ಕೆ ಕೊಡುತ್ತಿರುವ ಮುಖ್ಯ ಔಷಧಿ ಆಸಿಡ್ ಕಡಿಮೆ ಮಾಡುವ ಮಾತ್ರೆ. ವಾಷರ್ ಸವೆದು ನಲ್ಲಿ ಸೋರುತ್ತಿದ್ದರೆ, ವಾಷರ್ ಮುಟ್ಟದೆ ಟ್ಯಾಂಕಿನ ನೀರನ್ನೇ ಬದಲಾಯಿಸಿದ ಹಾಗೆ. ತಮಾಷೆ ಅಂದರೆ, ಹೆಚ್ಚಿನವರಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಯಾರಿಗೆ ಸಾಲುವುದಿಲ್ಲವೋ ಅವರಿಗಾಗಿ ಹುಟ್ಟಿದ್ದು ಬಾಗಿಲನ್ನೇ ರಿಪೇರಿ ಮಾಡುವ ಯೋಚನೆ. ಮೊದಲು ಹೊಟ್ಟೆ ಕೊಯ್ದು ಮಾಡಿದರು, ಆಮೇಲೆ ಸಣ್ಣ ತೂತುಗಳ ಮೂಲಕ. ಈಗ ಹೊರಗೆ ಒಂದು ಗೀರೂ ಇಲ್ಲದೆ, ಬಾಯಿಯ ಮೂಲಕ ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ, ಬಳುಕುವ ಕೊಳವೆ) ಇಳಿಸಿ ಮಾಡುವುದೂ ಸಾಧ್ಯ.

ಬಾಗಿಲು ಹೇಗಿದೆ

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆಯ ಕೊಳವೆ. ಎದೆಯೊಳಗೆ ಇಳಿದು, ವಪೆಯಲ್ಲಿರುವ ಒಂದು ಕಿಂಡಿಯಲ್ಲಿ ತೂರಿ ಹೊಟ್ಟೆಯನ್ನು ಸೇರುತ್ತದೆ. ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಛತ್ರಿಯ ಹಾಗೆ ಹರಡಿಕೊಂಡ ಸ್ನಾಯು. ನಾವು ಉಸಿರಾಡುವುದು ಅದರಿಂದಲೇ.

ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಸುಮಾರು 3-4 ಸೆಂಟಿಮೀಟರ್ ಉದ್ದಕ್ಕೆ ಉಂಗುರದಂಥ ಸ್ನಾಯು ಇದೆ. ಅದು ಸದಾ ಬಿಗಿದುಕೊಂಡೇ ಇರುತ್ತದೆ. ನುಂಗಿದಾಗ ಮಾತ್ರ ಸಡಿಲಗೊಂಡು ದಾರಿ ಬಿಡುತ್ತದೆ. ಅದೇ ಜಾಗವನ್ನು ಹೊರಗಿನಿಂದ ವಪೆಯ ಕಿಂಡಿಯ ಅಂಚು ಹಿಡಿದುಕೊಂಡಿರುತ್ತದೆ. ಕೆಮ್ಮಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ ಅಲ್ವಾ? ಆಗ ಈ ಅಂಚೂ ಬಿಗಿಯಾಗಿ ಹಿಚುಕುತ್ತದೆ. ಇನ್ನೊಂದು ಏರ್ಪಾಡು ನನಗೆ ತುಂಬ ಇಷ್ಟವಾದದ್ದು. ಅನ್ನನಾಳ ಹೊಟ್ಟೆಗೆ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಬಂದು ಸೇರುತ್ತದೆ. ಹಾಗಾಗಿ ಒಳಗಡೆ ಒಂದು ಮಡಿಕೆ ಏಳುತ್ತದೆ. ಹೊಟ್ಟೆ ತುಂಬಿ ಒತ್ತಡ ಏರಿದಷ್ಟೂ ಆ ಮಡಿಕೆ ಅನ್ನನಾಳದ ಬಾಯಿಗೆ ಒತ್ತಿಕೊಂಡು ಮುಚ್ಚುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಒಳಗಿನ ಗಾಳಿಯ ಒತ್ತಡಕ್ಕೇ ಮುಚ್ಚಿಕೊಳ್ಳುತ್ತದಲ್ಲ, ಅದೇ ಲೆಕ್ಕ.

ವಪೆಯ ಕಿಂಡಿ ಅಗಲವಾದರೆ ಹೊಟ್ಟೆಯ ಮೇಲ್ಭಾಗ ಅದರೊಳಗೆ ನುಸುಳಿ ಎದೆಯ ಕಡೆಗೆ ಏರುತ್ತದೆ. ಇದು ಹಯಾಟಸ್ ಹರ್ನಿಯಾ. ಆಗ ಉಂಗುರದ ಸ್ನಾಯು ಮೇಲೆ ಹೋಗುತ್ತದೆ, ವಪೆ ಕೆಳಗೇ ಉಳಿಯುತ್ತದೆ. ಇಬ್ಬರೂ ಸೇರಿ ಒಂದೇ ಕಡೆ ಅದುಮಬೇಕಾದವರು ಬೇರೆ ಬೇರೆ ಕಡೆ ಅದುಮುತ್ತಾರೆ. ಮಡಿಕೆಯೂ ಚಪ್ಪಟೆಯಾಗುತ್ತದೆ. ಈ ಹರ್ನಿಯಾ ಎಷ್ಟು ಸೆಂಟಿಮೀಟರ್ ಅನ್ನುವುದು ಮುಂದೆ ಬಹಳ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಹಾಗಂತ ಗಟ್ಟಿಮುಟ್ಟಾದ ಬಾಗಿಲು ಯಾವಾಗಲೂ ಮುಚ್ಚಿಯೇ ಇರುತ್ತದೆ ಅಂತಲ್ಲ. ತೇಗು ಬರಬೇಕಲ್ಲ! ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗ ಹಿಗ್ಗಿದಾಗ, ನರದ ಮೂಲಕ ಮೆದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ. ಅಲ್ಲಿಂದ 'ಸ್ವಲ್ಪ ಬಿಡು' ಅಂತ ಆಜ್ಞೆ ಬರುತ್ತದೆ. ನುಂಗದೆ ಇದ್ದರೂ ಉಂಗುರ 10 ಸೆಕೆಂಡು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಸಡಿಲಗೊಳ್ಳುತ್ತದೆ. ಆರೋಗ್ಯವಂತರಲ್ಲಿ ಹೆಚ್ಚಾಗಿ ಗಾಳಿಯಷ್ಟೇ ಹೊರಗೆ ಬರುತ್ತದೆ. ಗರ್ಡ್ ಇರುವವರಲ್ಲಿ ಗಾಳಿಯ ಜೊತೆ ಆಸಿಡ್ಡೂ ಬರುತ್ತದೆ. ಹೊಟ್ಟೆ ಬಿರಿಯ ಉಂಡು ತಕ್ಷಣ ಮಲಗಬೇಡಿ ಅನ್ನುವುದು ಇದಕ್ಕೇ. ಎಡ ಮಗ್ಗುಲಿಗೆ ಮಲಗಿ ಅನ್ನುವುದಕ್ಕೂ ಕಾರಣ ಇದೆ. ಹೊಟ್ಟೆಯ ದೊಡ್ಡ ಚೀಲ ಎಡಗಡೆ ಇದೆ. ಎಡಕ್ಕೆ ಮಲಗಿದರೆ ಆಸಿಡ್ ಕೆಳಗೆ ನಿಲ್ಲುತ್ತದೆ, ಬಾಗಿಲು ಅದರ ಮೇಲೆ ಉಳಿಯುತ್ತದೆ.

ಮಾತ್ರೆಯ ಕೈಗೆ ಎಟುಕುವಷ್ಟು

1988ರಲ್ಲಿ ಒಮೆಪ್ರಜೋಲ್ ಮಾರುಕಟ್ಟೆಗೆ ಬಂದಾಗ ಈ ಕಾಯಿಲೆಯ ಚಿಕಿತ್ಸೆಯೇ ಬದಲಾಯಿತು. ಹೊಟ್ಟೆಯ ಗೋಡೆಯಲ್ಲಿ ಆಸಿಡ್ ಸುರಿಸುವ ಸಣ್ಣ ಪಂಪುಗಳಿವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಎಲ್ಲ ಆ ಪಂಪುಗಳನ್ನೇ ಕಟ್ಟಿಹಾಕುವ ಮಾತ್ರೆಗಳು. ಅನ್ನನಾಳದಲ್ಲಿ ಆದ ಹುಣ್ಣು ಹೆಚ್ಚಿನವರಲ್ಲಿ 8 ವಾರದಲ್ಲಿ ಮಾಯುತ್ತದೆ. ಒಂದು ಷರತ್ತು: ಊಟಕ್ಕೆ 30ರಿಂದ 60 ನಿಮಿಷ ಮುಂಚೆ ನುಂಗಬೇಕು. ಪಂಪುಗಳು ಎಚ್ಚರಗೊಳ್ಳುವುದು ಊಟದ ಹೊತ್ತಿಗೆ, ಎಚ್ಚರವಾದ ಪಂಪನ್ನು ಮಾತ್ರ ಈ ಔಷಧಿ ಹಿಡಿಯಬಲ್ಲದು. 'ಮಾತ್ರೆ ಕೆಲಸ ಮಾಡುತ್ತಿಲ್ಲ' ಅನ್ನುವವರಲ್ಲಿ ಒಂದಷ್ಟು ಜನ ಸುಮ್ನೆ ರಾತ್ರಿ ಮಲಗುವಾಗ ನುಂಗುತ್ತಿರುತ್ತಾರೆ. ಅವರಿಗೆ ಆಪರೇಷನ್ ಬೇಡ, ಗಡಿಯಾರ ನೋಡಿಕೊಂಡರೆ ಸಾಕು.

ವರ್ಷಗಟ್ಟಲೆ ಈ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ, ಮೂಳೆ ಸವೆಯುತ್ತದೆ, ಮರೆವು ಬರುತ್ತದೆ ಎಂಬ ಭಯ ತುಂಬ ಜನರಿಗಿದೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ಇದನ್ನೇ ನೇರವಾಗಿ ನೋಡಿತು. 17,598 ಜನ, ಅರ್ಧ ಮಂದಿಗೆ ಪ್ಯಾಂಟೊಪ್ರಜೋಲ್, ಅರ್ಧ ಮಂದಿಗೆ ಬರೀ ಹುಸಿಮಾತ್ರೆ, ಸುಮಾರು 3 ವರ್ಷ. ಸ್ಪಷ್ಟವಾಗಿ ಕಂಡ ವ್ಯತ್ಯಾಸ ಒಂದೇ: ಕರುಳಿನ ಸೋಂಕು, ಅದೂ 1 ಶೇಕಡಾದಿಂದ 1.4ಕ್ಕೆ. ಬರೀ ಭಯಕ್ಕೆ ಬಿದ್ದು ಆಪರೇಷನ್ ಮಾಡಿಸಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಮಾತ್ರೆ ನಿಜವಾಗಿ ಸೋಲುವುದು ಬೇರೆ ಕಡೆ. ಅದು ಉಕ್ಕುವುದನ್ನು ನಿಲ್ಲಿಸುವುದಿಲ್ಲ, ಉಕ್ಕಿದ್ದರ ಉರಿಯನ್ನು ತೆಗೆಯುತ್ತದೆ ಅಷ್ಟೇ. ಶೂ ಲೇಸ್ ಕಟ್ಟಲು ಬಗ್ಗಿದರೆ ಬಾಯಿಗೇ ನೀರು ಬರುವವರಿದ್ದಾರೆ. ನಡುರಾತ್ರಿ ತಿಂದ ಅನ್ನದ ಅಗುಳು ಗಂಟಲಿಗೆ ಬಂದು, ಕೆಮ್ಮಿ ಉಸಿರು ಸಿಕ್ಕಿಹಾಕಿಕೊಂಡಂತಾಗಿ ಎದ್ದು ಕೂರುವವರಿದ್ದಾರೆ. ಇವರಿಗೆ ಎಷ್ಟು ಮಿಲಿಗ್ರಾಂ ಏರಿಸಿದರೂ ಉರಿ ಹೋಗುತ್ತದೆ, ನೀರು ಬರುವುದು ನಿಲ್ಲುವುದಿಲ್ಲ. ವೈದ್ಯರ ಹತ್ತಿರ ಹೋದಾಗ ಈ ಎರಡನ್ನೂ ಬೇರೆ ಮಾಡಿ ಹೇಳಿ. 'ಉರಿ ಇದೆ' ಅನ್ನುವುದಕ್ಕೂ 'ಉಕ್ಕಿ ಬರುತ್ತದೆ' ಅನ್ನುವುದಕ್ಕೂ ಚಿಕಿತ್ಸೆಯ ದಾರಿ ಬೇರೆಯಾಗಬಹುದು.

ಅಳೆಯದೆ ಹೊಲಿಯಬಾರದು

ಎದೆಯುರಿ ಇದ್ದವರೆಲ್ಲರಿಗೂ ಆಸಿಡ್ ಉಕ್ಕುತ್ತಿರುವುದಿಲ್ಲ. ಕೆಲವರ ಅನ್ನನಾಳ ವಿಪರೀತ ಸೂಕ್ಷ್ಮ. ಎಲ್ಲರಿಗೂ ಆಗುವಷ್ಟೇ ಉಕ್ಕಿದರೂ ಇವರಿಗೆ ಬೆಂಕಿ ಬಿದ್ದಂತಾಗುತ್ತದೆ. ಇನ್ನು ಕೆಲವರಿಗೆ ಉರಿಗೂ ಆಸಿಡ್ಡಿಗೂ ಸಂಬಂಧವೇ ಇರುವುದಿಲ್ಲ. ಇವರ ಬಾಗಿಲನ್ನು ಎಷ್ಟು ಬಿಗಿದರೂ ಉರಿ ಹೋಗುವುದಿಲ್ಲ. ಆದ್ದರಿಂದ ಯಾವ ರಿಪೇರಿಗೂ ಮುಂಚೆ ಅಳತೆ ಆಗಲೇಬೇಕು.

ಮೊದಲು ಎಂಡೋಸ್ಕೋಪಿ. ಅನ್ನನಾಳದ ಕೆಳಗಡೆ ಗೀರುಗಾಯ ಇದ್ದರೆ ಅದನ್ನು ಲಾಸ್ ಏಂಜಲೀಸ್ ಪಟ್ಟಿಯ ಪ್ರಕಾರ ಎ, ಬಿ, ಸಿ, ಡಿ ಅಂತ ಗುರುತಿಸುತ್ತಾರೆ. ಎ ಅಂದರೆ ಸಣ್ಣದು, ಡಿ ಅಂದರೆ ಸುತ್ತಲೂ ಹುಣ್ಣು. ಎಂಡೋಸ್ಕೋಪನ್ನು ಹೊಟ್ಟೆಯೊಳಗೆ ಇಳಿಸಿ, ತುದಿಯನ್ನು ಕೊಕ್ಕೆಯ ಹಾಗೆ ಹಿಂದಕ್ಕೆ ಬಗ್ಗಿಸಿ, ಬಾಗಿಲನ್ನು ಒಳಗಿನಿಂದ ನೋಡುತ್ತಾರೆ. ಪರದೆಯ ಮೇಲೆ ಹೊಟ್ಟೆಯ ಬಾಯಿಯಿಂದ ಇಳಿದು ಬರುತ್ತಿರುವ ಕಪ್ಪು ಕೊಳವೆ ಕಾಣುತ್ತದೆ. ಅದು ಅದೇ ಎಂಡೋಸ್ಕೋಪು, ತನ್ನನ್ನೇ ತಾನು ನೋಡಿಕೊಳ್ಳುತ್ತಿರುತ್ತದೆ. ಆರೋಗ್ಯವಾದ ಬಾಗಿಲು ಆ ಕೊಳವೆಯನ್ನು ತಬ್ಬಿ ಹಿಡಿದಿರುತ್ತದೆ. ಸಡಿಲವಾದದ್ದರಲ್ಲಿ ಸುತ್ತಲೂ ಸಂದು ಕಾಣುತ್ತದೆ. ಇದಕ್ಕೂ 1ರಿಂದ 4ರವರೆಗೆ ದರ್ಜೆ ಇದೆ. ಹಿಲ್ ದರ್ಜೆ ಅನ್ನುತ್ತಾರೆ. 4 ಅಂದರೆ ಮಡಿಕೆಯೇ ಇಲ್ಲ, ಬಾಗಿಲು ಹಾರು ಹೊಡೆದಿದೆ.

ಗಾಯ ಕಾಣಿಸದಿದ್ದರೆ ಅಥವಾ ಎ ದರ್ಜೆಯಷ್ಟೇ ಇದ್ದರೆ, ಆಸಿಡ್ಡನ್ನೇ ಎಣಿಸಬೇಕು. ಮೂಗಿನ ಮೂಲಕ ತೆಳು ತಂತಿ ಬಿಟ್ಟು 24 ಗಂಟೆ ಅಳೆಯುವುದು ಹಳೆಯ ವಿಧಾನ. ಅನ್ನನಾಳದ ಗೋಡೆಗೆ ಮಾತ್ರೆಯಷ್ಟೇ ದೊಡ್ಡದೊಂದು ಕ್ಯಾಪ್ಸೂಲ್ ಅಂಟಿಸಿ 4 ದಿನದವರೆಗೆ ಅಳೆಯುವುದು ಹೊಸದು. ಕ್ಯಾಪ್ಸೂಲ್ ವೈರ್‌ಲೆಸ್ಸಾಗಿ ಲೆಕ್ಕ ಕಳಿಸುತ್ತದೆ, ಕೆಲಸ ಮುಗಿದ ಮೇಲೆ ತಾನೇ ಕಳಚಿಕೊಂಡು ಹೊರಗೆ ಹೋಗುತ್ತದೆ. ಇಡೀ ದಿನದಲ್ಲಿ 4 ಶೇಕಡಾಕ್ಕಿಂತ ಕಡಿಮೆ ಸಮಯ ಅನ್ನನಾಳ ಆಸಿಡ್ಡಿನಲ್ಲಿ ನೆನೆದಿದ್ದರೆ ಮಾಮೂಲು. 6ಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ ಖಚಿತ. ನಡುವಿನದು ಅನುಮಾನದ ಜಾಗ, ಬೇರೆ ಸುಳಿವುಗಳ ಜೊತೆ ಸೇರಿಸಿ ಓದಬೇಕು.

ಜೊತೆಗೆ ಮ್ಯಾನೊಮೆಟ್ರಿ ಅನ್ನುವ ಪರೀಕ್ಷೆ. ಅನ್ನನಾಳ ಸರಿಯಾಗಿ ಹಿಂಡಿ ತಳ್ಳುತ್ತಿದೆಯೇ ಅಂತ ಒತ್ತಡ ಅಳೆದು ನೋಡುವುದು. ಅಕಲೇಸಿಯಾ ಅನ್ನುವ ಕಾಯಿಲೆಯಲ್ಲಿ ಬಾಗಿಲು ತೆರೆಯುವುದೇ ಇಲ್ಲ, ತಿಂದದ್ದು ಮೇಲೆಯೇ ನಿಂತು ವಾಪಸ್ ಬರುತ್ತದೆ. ನೋಡುವವರಿಗೆ ಗರ್ಡ್ ಥರವೇ ಕಾಣುತ್ತದೆ. ಅಂಥ ಬಾಗಿಲನ್ನು ಇನ್ನಷ್ಟು ಬಿಗಿದರೆ ಏನಾಗುತ್ತದೆ ಯೋಚಿಸಿ.

ಮಫ್ಲರ್ ಸುತ್ತಿದ ಸರ್ಜನ್

ರಿಪೇರಿಯ ಕಥೆ ಶುರುವಾಗುವುದು ಆಕಸ್ಮಿಕವಾಗಿ. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಇಸ್ತಾಂಬುಲ್ ಸೇರಿದ್ದ ಸರ್ಜನ್ ರುಡಾಲ್ಫ್ ನಿಸೆನ್, 1930ರ ದಶಕದಲ್ಲಿ ಒಬ್ಬ ಯುವಕನ ಅನ್ನನಾಳದ ಕೆಳತುದಿಯನ್ನು ಕತ್ತರಿಸಿ ಹೊಟ್ಟೆಗೆ ಜೋಡಿಸಿದರು. ಹೊಲಿಗೆ ಬಿಡಬಾರದು ಅಂತ ಹೊಟ್ಟೆಯ ಮೇಲ್ಭಾಗವನ್ನೇ ಎಳೆದು ಅದರ ಸುತ್ತ ಸುತ್ತಿದರು. ವರ್ಷಗಳ ನಂತರ ನೋಡಿದರೆ ಆ ರೋಗಿಗೆ ಆಸಿಡ್ ಉಕ್ಕುವ ತೊಂದರೆಯೇ ಇಲ್ಲ. ಅದನ್ನು ನೆನಪಿಟ್ಟುಕೊಂಡು 1955ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದಾಗ, ಆಸಿಡ್ ತಡೆಯಲಿಕ್ಕೆಂದೇ ಈ ಆಪರೇಷನ್ ಮಾಡಿದರು. ಅದೇ ಫಂಡೊಪ್ಲಿಕೇಶನ್. ಕುತ್ತಿಗೆಗೆ ಮಫ್ಲರ್ ಸುತ್ತಿದ ಹಾಗೆ, ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳಕ್ಕೆ ಪೂರ್ತಿ ಒಂದು ಸುತ್ತು ಸುತ್ತಿ ಹೊಲಿಯುವುದು. 1991ರಿಂದ ಇದನ್ನೇ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಮಾಡತೊಡಗಿದರು.

ಇವತ್ತಿಗೂ ಬಾಗಿಲು ಬಿಗಿಯುವ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಆದರೆ ಕೆಲವರಿಗೆ ಅತಿಯಾಗಿ ಬಿಗಿಯುತ್ತದೆ. ತೇಗು ಬರುವುದಿಲ್ಲ, ಹೊಟ್ಟೆ ಬಲೂನಿನ ಹಾಗೆ ಉಬ್ಬುತ್ತದೆ, ವಾಂತಿ ಮಾಡಬೇಕೆಂದರೂ ಆಗುವುದಿಲ್ಲ, ನುಂಗುವುದು ಕಷ್ಟವಾಗುತ್ತದೆ. ತೇಗು ಎಷ್ಟು ದೊಡ್ಡ ಸುಖ ಅಂತ ಗೊತ್ತಾಗುವುದು ಅದು ನಿಂತಾಗಲೇ. ಹಾಗಾಗಿ ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಈ ಆಪರೇಷನ್, ನಡುವೆ ದೊಡ್ಡ ಕಂದಕ. ಎಂಡೋಸ್ಕೋಪಿಯವರು ಸೇತುವೆ ಕಟ್ಟಲು ಹೊರಟದ್ದು ಅಲ್ಲಿಗೆ.

ಮೊದಮೊದಲ ಸೇತುವೆಗಳು ಕುಸಿದುಬಿದ್ದವು. ಲಂಡನ್ನಿನ ಪಾಲ್ ಸ್ವೇನ್ ಎಂಡೋಸ್ಕೋಪಿನ ತುದಿಗೆ ಕೂರುವ ಪುಟ್ಟ ಹೊಲಿಗೆ ಯಂತ್ರ ಮಾಡಿದರು. ಅದು ಎಂಡೋಸಿಂಚ್ ಎಂಬ ಹೆಸರಲ್ಲಿ ಬಂತು. ಹೊಲಿಗೆ ತುಂಬ ಮೇಲುಮೇಲೆ ಬೀಳುತ್ತಿತ್ತು. ಕೆಲವೇ ತಿಂಗಳಲ್ಲಿ ಬಹಳಷ್ಟು ಬಿಚ್ಚಿಕೊಳ್ಳುತ್ತಿದ್ದವು. ಆಮೇಲೆ ಬಂದದ್ದು ಎಂಟೆರಿಕ್ಸ್. ದ್ರವರೂಪದ ಪ್ಲಾಸ್ಟಿಕ್ಕನ್ನು ಬಾಗಿಲಿನ ಸ್ನಾಯುವಿಗೆ ಚುಚ್ಚಿ ಒಳಗೇ ಗಟ್ಟಿಯಾಗಿಸುವುದು. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸೂಜಿ ಗೋಡೆ ದಾಟಿ ಆಚೆ ಹೋದಾಗ ಅನಾಹುತಗಳಾದವು, ಸಾವೂ ಆಯಿತು. 2005ರಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆದರು. ಅನ್ನನಾಳದ ಪಕ್ಕದಲ್ಲೇ ಮಹಾಪಧಮನಿ ಹರಿಯುತ್ತದೆ, ಗೋಡೆಯ ದಪ್ಪವೋ ಕೆಲವೇ ಮಿಲಿಮೀಟರ್. 'ಗಾಯವಿಲ್ಲದ ಚಿಕಿತ್ಸೆ' ಅನ್ನುವ ಜಾಹೀರಾತು ನೋಡಿದಾಗ ಈ ಇತಿಹಾಸ ನನಗೆ ನೆನಪಾಗುತ್ತದೆ. ಹೊರಗೆ ಗಾಯವಿಲ್ಲ ಅಂದರೆ ಒಳಗೆ ಏನೂ ಆಗುವುದಿಲ್ಲ ಅಂತ ಅರ್ಥವಲ್ಲ.

ಬಾಯಿಯಿಂದ ಇಳಿದು, ಒಳಗೆ ಮಡಿಕೆ

ಈಗ ಜಾಸ್ತಿ ಕೇಳಿಬರುವ ವಿಧಾನದ ಹೆಸರು ಟಿಐಎಫ್. ಅಂದರೆ ಕೊಯ್ಯದೆ, ಬಾಯಿಯ ಮೂಲಕ ಮಾಡುವ ಫಂಡೊಪ್ಲಿಕೇಶನ್. ಇದಕ್ಕೆ ಬಳಸುವ ಈಸೊಫಿಕ್ಸ್ ಎಂಬ ಸಾಧನಕ್ಕೆ ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲಸ ನಡೆಯುವುದು ಪೂರ್ತಿ ಅರಿವಳಿಕೆಯಲ್ಲಿ. ಮಾಮೂಲು ಎಂಡೋಸ್ಕೋಪಿಯ ಹಾಗೆ ಗಂಟಲಿಗೆ ಸ್ಪ್ರೇ ಹೊಡೆದು ಮುಗಿಸುವಂಥದ್ದಲ್ಲ.

ಇಬ್ಬರು ಬೇಕು. ಒಬ್ಬರ ಕೈಯಲ್ಲಿ ಎಂಡೋಸ್ಕೋಪ್, ಇನ್ನೊಬ್ಬರ ಕೈಯಲ್ಲಿ ಸಾಧನ. ಸಾಧನ ಒಂದು ಉದ್ದನೆಯ ಕೊಳವೆ, ಎಂಡೋಸ್ಕೋಪ್ ಅದರ ಒಳಗೆ ತೂರಿರುತ್ತದೆ. ಎರಡನ್ನೂ ಒಟ್ಟಿಗೆ ಬಾಯಿಯಿಂದ ಹೊಟ್ಟೆಗೆ ಇಳಿಸಿ, ಹೊಟ್ಟೆಗೆ ಗಾಳಿ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಎಂಡೋಸ್ಕೋಪ್ ಹಿಂದಕ್ಕೆ ಬಗ್ಗಿ ಬಾಗಿಲನ್ನು ನೋಡುತ್ತಾ ನಿಲ್ಲುತ್ತದೆ. ಪರದೆಯ ಮೇಲೆ ಅದೇ ಚಿತ್ರ: ಕೊಳವೆ, ಸುತ್ತಲೂ ಸಂದು. ಈಗ ಸಾಧನದ ತುದಿಯಿಂದ ಸ್ಪ್ರಿಂಗಿನ ಹಾಗೆ ಸುರುಳಿಯಾದ ಒಂದು ಸೂಜಿ ಹೊರಬಂದು, ಅನ್ನನಾಳ ಹೊಟ್ಟೆ ಸೇರುವ ಗೆರೆಯಲ್ಲಿ ಸ್ಕ್ರೂ ಥರ ತಿರುಗಿ ಕಚ್ಚಿಕೊಳ್ಳುತ್ತದೆ. ಅದನ್ನು ಕೆಳಕ್ಕೆ ಎಳೆಯುತ್ತಾರೆ. ಸಾಧನದ ಮಡಚುವ ತೋಳು ಹೊಟ್ಟೆಯ ಗೋಡೆಯನ್ನು ಅನ್ನನಾಳದ ಮೇಲೆ ಒತ್ತಿ ಹಿಡಿಯುತ್ತದೆ. ನಿಧಾನಕ್ಕೆ ತಿರುಗಿಸಿ ಸುತ್ತುತ್ತಾರೆ. ಆಮೇಲೆ ಪಿನ್ನು ಹೊಡೆಯುತ್ತಾರೆ.

ಈ ಪಿನ್ನು ಹೇಗಿರುತ್ತದೆ ಗೊತ್ತಾ? ಹೊಸ ಬಟ್ಟೆಗೆ ಬೆಲೆಚೀಟಿ ಸಿಕ್ಕಿಸಲು ಎರಡೂ ತುದಿಗೆ ಅಡ್ಡಕಡ್ಡಿ ಇರುವ ಸಣ್ಣ ಪ್ಲಾಸ್ಟಿಕ್ ದಾರ ಹಾಕಿರುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆಯೇ. ಪಾಲಿಪ್ರೊಪಿಲೀನ್‌ನಿಂದ ಮಾಡಿದ್ದು, ಕರಗುವುದಿಲ್ಲ. ಗೋಡೆಯ ಎಲ್ಲ ಪದರ ದಾಟಿ, ಒಂದು ಅಡ್ಡಕಡ್ಡಿ ಅನ್ನನಾಳದ ಕಡೆ, ಇನ್ನೊಂದು ಹೊಟ್ಟೆಯ ಕಡೆ ಕೂರುತ್ತದೆ. ಹಳೆಯ ಹೊಲಿಗೆ ಸೋತದ್ದು ಮೇಲುಮೇಲೆ ಇದ್ದದ್ದಕ್ಕೆ. ಇದು ಪೂರ್ತಿ ದಪ್ಪವನ್ನು ಹಿಡಿಯುತ್ತದೆ. ಸಾಧನ ತಿರುಗಿಸುತ್ತಾ, ಒಟ್ಟು 20ರ ಆಸುಪಾಸು ಪಿನ್ನು ಹಾಕುತ್ತಾರೆ. ಕೊನೆಗೆ 2-4 ಸೆಂಟಿಮೀಟರ್ ಉದ್ದದ, 270 ಡಿಗ್ರಿ ಅಥವಾ ಇನ್ನೂ ಸ್ವಲ್ಪ ಜಾಸ್ತಿ ಸುತ್ತುವ ಹೊಸ ಮಡಿಕೆ ಏಳುತ್ತದೆ. ಮಫ್ಲರ್ ಪೂರ್ತಿ ಸುತ್ತಲಿಲ್ಲ, ಮುಕ್ಕಾಲು ಸುತ್ತಿತು ಅಂದುಕೊಳ್ಳಿ. ಆ ಉಳಿದ ಕಾಲು ಭಾಗವೇ ತೇಗಿಗೆ ದಾರಿ. ನಿಸೆನ್ ಆಪರೇಷನ್ನಿನ ಹೊಟ್ಟೆಯುಬ್ಬರ ಇದರಲ್ಲಿ ತುಂಬ ಕಡಿಮೆ. ಕೊನೆಯಲ್ಲಿ ಮತ್ತೆ ಹಿಂದಿರುಗಿ ನೋಡಿದರೆ ಬಾಗಿಲು ಕೊಳವೆಯನ್ನು ತಬ್ಬಿಕೊಂಡಿರುತ್ತದೆ. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಕೆಲಸ.

ಫಲ ಎಷ್ಟು? 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 129 ಜನರಿದ್ದರು. ಮಾತ್ರೆ ತಿಂದರೂ ಉಕ್ಕಿ ಬರುವುದು ನಿಲ್ಲದವರು. ಕೆಲವರಿಗೆ ನಿಜವಾದ ಟಿಐಎಫ್ ಮಾಡಿ ಹುಸಿಮಾತ್ರೆ ಕೊಟ್ಟರು. ಉಳಿದವರಿಗೆ ಅರಿವಳಿಕೆ ಕೊಟ್ಟು ಸುಮ್ನೆ ಎಂಡೋಸ್ಕೋಪ್ ಆಡಿಸಿ, ನಿಜವಾದ ಮಾತ್ರೆ ಕೊಟ್ಟರು. ಯಾರಿಗೆ ಏನು ಆಗಿದೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. 6 ತಿಂಗಳ ನಂತರ ಉಕ್ಕುವ ತೊಂದರೆ ಹೋದದ್ದು ಟಿಐಎಫ್‌ನವರಲ್ಲಿ 67 ಶೇಕಡಾ ಜನರಿಗೆ, ಮಾತ್ರೆಯವರಲ್ಲಿ 45 ಶೇಕಡಾ ಜನರಿಗೆ. ಆ 45ನ್ನು ಗಮನಿಸಿ. ಬಾಗಿಲನ್ನು ಮುಟ್ಟದೆಯೇ ಅಷ್ಟು ಜನ ಸುಧಾರಿಸಿದ್ದಾರೆ! ನಾಟಕದ ಆಪರೇಷನ್ ಜೊತೆ ಹೋಲಿಸದೆ ಯಾರಾದರೂ 'ನಮ್ಮಲ್ಲಿ ಇಷ್ಟು ಶೇಕಡಾ ಯಶಸ್ಸು' ಅಂದರೆ ನಾನು ಅರ್ಧ ಮಾತ್ರ ನಂಬುತ್ತೇನೆ.

ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಇದೆ. ಆಸಿಡ್ಡಿನಲ್ಲಿ ನೆನೆದಿರುವ ಹೊತ್ತು ಟಿಐಎಫ್ ನಂತರ ಸರಾಸರಿ 9 ಶೇಕಡಾದ ಆಸುಪಾಸಿನಿಂದ 6ರ ಆಸುಪಾಸಿಗೆ ಇಳಿಯಿತು. ಇಳಿದದ್ದು ನಿಜ, ಮಾಮೂಲು ಮಟ್ಟಕ್ಕೆ ಬರಲಿಲ್ಲ ಅನ್ನುವುದೂ ನಿಜ. 63 ಜನರ ಇನ್ನೊಂದು ಅಧ್ಯಯನದಲ್ಲಿ, 5 ವರ್ಷದ ನಂತರ ಸಂಪರ್ಕದಲ್ಲಿ ಉಳಿದವರ ಪೈಕಿ 86 ಶೇಕಡಾ ಜನರಿಗೆ ಉಕ್ಕುವ ಕಾಟ ಇರಲಿಲ್ಲ. ಆದರೆ ಮೂವರಲ್ಲಿ ಒಬ್ಬರು ಮತ್ತೆ ದಿನವೂ ಮಾತ್ರೆ ತಿನ್ನುತ್ತಿದ್ದರು. 'ಮಾತ್ರೆಯಿಂದ ಜೀವನಪೂರ್ತಿ ಬಿಡುಗಡೆ' ಅನ್ನುವ ಮಾತಿಗೆ ಈ ಲೆಕ್ಕ ಹೊಂದುವುದಿಲ್ಲ. ಅನ್ನನಾಳ ತೂತಾಗುವುದು, ರಕ್ತಸ್ರಾವದಂಥ ಗಂಭೀರ ತೊಂದರೆ ನೂರರಲ್ಲಿ ಎರಡು ಮೂರು ಜನರಿಗೆ ಆಗಿದೆ.

ಬೇರೆ ಎರಡು ದಾರಿ

ಸ್ಟ್ರೆಟ್ಟಾ ಇದಕ್ಕಿಂತ ಹಳೆಯದು, 2000ದಲ್ಲಿ ಬಂದದ್ದು. ಬಾಗಿಲಿನ ಜಾಗದಲ್ಲಿ ಬಲೂನು ಉಬ್ಬಿಸಿ, ಅದರಿಂದ ನಾಲ್ಕು ಸೂಜಿ ಸ್ನಾಯುವಿಗೆ ಇಳಿಸಿ, ರೇಡಿಯೊ ಅಲೆಯಿಂದ ಬಿಸಿ ಮಾಡುತ್ತಾರೆ. ಮೇಲಿನ ಪದರ ಸುಡದಿರಲಿ ಅಂತ ತಣ್ಣೀರು ಹರಿಸುತ್ತಾರೆ. ಸುಲಭ, ತಕ್ಕಮಟ್ಟಿಗೆ ಸುರಕ್ಷಿತ. ಫಲದ ವಿಷಯಕ್ಕೆ ಬಂದರೆ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಮೆರಿಕದ ಗ್ಯಾಸ್ಟ್ರೊಎಂಟರಾಲಜಿ ಕಾಲೇಜು (ಜೀರ್ಣಾಂಗ ತಜ್ಞರ ಸಂಘ) 2022ರ ಮಾರ್ಗಸೂಚಿಯಲ್ಲಿ ಇದನ್ನು ಶಿಫಾರಸು ಮಾಡಲು ಆಗದು ಎಂದೇ ಹೇಳಿದೆ.

ಇನ್ನೊಂದು ದಾರಿಯೂ ನಿಸೆನ್ ಕಥೆಯ ಹಾಗೆ ಆಕಸ್ಮಿಕ. ಜಪಾನಿನ ಹರುಹಿರೊ ಇನೋವೆ ಮತ್ತು ಜೊತೆಗಾರರು ಕ್ಯಾನ್ಸರಿಗೆ ತಿರುಗುವ ಹಂತದಲ್ಲಿದ್ದ ಒಳಪೊರೆಯನ್ನು ಒಬ್ಬ ರೋಗಿಯ ಬಾಗಿಲಿನ ಸುತ್ತ ಕೆತ್ತಿ ತೆಗೆದರು. ಗಾಯ ಮಾಯುತ್ತಾ ಕುಗ್ಗಿತು, ಬಾಗಿಲು ಬಿಗಿಯಾಯಿತು, ಎದೆಯುರಿ ಹೋಯಿತು. 2014ರಲ್ಲಿ 10 ಜನರ ಫಲಿತಾಂಶವನ್ನು ಪ್ರಕಟಿಸಿ ಇದನ್ನೇ ಒಂದು ಚಿಕಿತ್ಸೆಯಾಗಿ ಮುಂದಿಟ್ಟರು. ಹೆಸರು ಆರ್ಮ್ಸ್. ಸುತ್ತಲೂ ಪೂರ್ತಿ ಕೆತ್ತಿದವರಲ್ಲಿ ದಾರಿಯೇ ಕಿರಿದಾಗಿ, ಬಲೂನಿನಿಂದ ಹಿಗ್ಗಿಸಬೇಕಾಯಿತು. ಹಾಗಾಗಿ ಈಗ ಅರ್ಧಚಂದ್ರದಷ್ಟೇ ಕೆತ್ತುತ್ತಾರೆ. ಯಾವ ವಿಶೇಷ ಸಾಧನವೂ ಬೇಡ, ಒಳಗೆ ಯಾವ ವಸ್ತುವೂ ಉಳಿಯುವುದಿಲ್ಲ. ಅದು ಇದರ ಆಕರ್ಷಣೆ. ಮಾಯುವ ಕಲೆ ಎಷ್ಟು ಬಿಗಿಯುತ್ತದೆ ಅನ್ನುವುದು ಮಾತ್ರ ಪೂರ್ತಿ ಕೈಯಲ್ಲಿಲ್ಲ.

ಯಾರಿಗೆ ಸರಿ, ಯಾರಿಗೆ ಬೇಡ

ಹರ್ನಿಯಾದ ಅಳತೆ ನೆನಪಿಡಿ ಅಂದಿದ್ದೆ. ಟಿಐಎಫ್ ಮಡಿಕೆಯನ್ನು ಕಟ್ಟಬಲ್ಲದು. ವಪೆಯ ಕಿಂಡಿಯನ್ನು ಕಿರಿದು ಮಾಡಲಾರದು, ಯಾಕೆಂದರೆ ಅದು ಹೊರಗಡೆ ಇದೆ. ಅದಕ್ಕೇ ಹರ್ನಿಯಾ 2 ಸೆಂಟಿಮೀಟರ್ ಮೀರಿದ್ದರೆ ಬರೀ ಟಿಐಎಫ್ ಸಾಲದು. ಬಾಗಿಲು ಹೊಸದು ಹಾಕಿ ಚೌಕಟ್ಟು ಹಾಗೇ ಬಿಟ್ಟರೆ ಎಷ್ಟು ದಿನ ನಿಂತೀತು? ಅಂಥವರಿಗೆ ಲ್ಯಾಪರೊಸ್ಕೋಪಿಯಲ್ಲಿ ಕಿಂಡಿ ಹೊಲಿದು, ಅದೇ ಹೊತ್ತಿಗೆ ಬಾಯಿಯಿಂದ ಟಿಐಎಫ್ ಮಾಡುವ ಜೋಡಿ ವಿಧಾನ ಇದೆ. ಇಲ್ಲವೇ ನೇರ ಆಪರೇಷನ್. ಸಿ, ಡಿ ದರ್ಜೆಯ ಹುಣ್ಣಿದ್ದವರಿಗೂ ಟಿಐಎಫ್ ಸೂಚಿಸುವುದಿಲ್ಲ. ತೂಕ ತುಂಬ ಜಾಸ್ತಿ ಇದ್ದವರಲ್ಲಿ ಒಳಗಿನ ಒತ್ತಡವೇ ಮಡಿಕೆಯನ್ನು ಸಡಿಲಿಸುತ್ತದೆ, ಅವರಿಗೆ ತೂಕ ಇಳಿಸುವುದೇ ಮೊದಲ ಚಿಕಿತ್ಸೆ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ ಇದ್ದರೆ ರಿಪೇರಿಯ ಯೋಚನೆ ಆಮೇಲೆ, ಮೊದಲು ಕಾರಣ ಹುಡುಕಬೇಕು. ಎದೆನೋವು ತೋಳಿಗೆ, ದವಡೆಗೆ ಹರಡಿ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಕೂರದೆ ಹೃದಯವನ್ನು ತೋರಿಸಿ.

ಹಾಗಾದರೆ ಸರಿಹೊಂದುವವರು ಯಾರು? ಪರೀಕ್ಷೆಯಲ್ಲಿ ಆಸಿಡ್ ಉಕ್ಕುವುದು ಸಾಬೀತಾದವರು. ಹರ್ನಿಯಾ ಇಲ್ಲದವರು ಅಥವಾ ಸಣ್ಣದಿರುವವರು. ಅನ್ನನಾಳ ಚೆನ್ನಾಗಿ ಹಿಂಡುವವರು. ಮಾತ್ರೆಯಿಂದ ಉರಿ ಹೋಗಿ, ಉಕ್ಕುವುದು ಮಾತ್ರ ಉಳಿದವರು. ಪೂರ್ತಿ ಆಪರೇಷನ್ ಬೇಡ ಅನ್ನುವವರು. ಪಟ್ಟಿ ಚಿಕ್ಕದು, ನಿಜ. ಆದರೆ ಈ ಪಟ್ಟಿಯೊಳಗೆ ಇದ್ದವರಿಗೂ ಹೊರಗೆ ಇದ್ದವರಿಗೂ ಫಲದಲ್ಲಿ ಅಜಗಜಾಂತರ.

ಮಾಡಿಸಿಕೊಂಡರೆ ಸಾಮಾನ್ಯವಾಗಿ ಒಂದು ರಾತ್ರಿ ಆಸ್ಪತ್ರೆ. ಗಂಟಲು ನೋವು, ಎದೆ ಹಿಡಿದ ಹಾಗೆ, ಕೆಲವರಿಗೆ ಎಡ ಭುಜದಲ್ಲಿ ನೋವು. ಹೊಟ್ಟೆಯಲ್ಲಿ ಕೆಲಸ ಮಾಡಿದರೆ ಭುಜ ಯಾಕೆ ನೋಯಬೇಕು ಅನಿಸುತ್ತದೆ ಅಲ್ವಾ? ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಕಡೆಯಿಂದ ಹೊರಡುತ್ತವೆ. ಮೆದುಳಿಗೆ ಗೊಂದಲವಾಗುತ್ತದೆ. ಜ್ವರ, ಉಸಿರಾಟದ ಕಷ್ಟ, ಏರುತ್ತಲೇ ಹೋಗುವ ಎದೆನೋವು ಮಾತ್ರ ಬೇರೆ ಮಾತು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮೊದಲ ಒಂದೆರಡು ವಾರ ನೀರಾದ ಆಹಾರ, ಆಮೇಲೆ ಕೆಲವು ವಾರ ಮೆತ್ತಗಿನದು. ಭಾರ ಎತ್ತುವಂತಿಲ್ಲ, ತಿಣುಕುವಂತಿಲ್ಲ, ಜೋರು ವ್ಯಾಯಾಮ ಇಲ್ಲ. ಮಡಿಕೆಯನ್ನು ಮೊದಲು ಹಿಡಿದಿರುವುದು ಬರೀ ಪಿನ್ನು. ಎರಡು ಗೋಡೆಗಳು ಬೆಸೆದುಕೊಳ್ಳಲು ವಾರಗಳು ಬೇಕು. ಅಷ್ಟರಲ್ಲಿ ಒಂದು ಜೋರು ವಾಂತಿಯಾದರೂ ಕೆಲಸ ಕೆಡಬಹುದು. ಅದಕ್ಕೇ ವಾಂತಿ ತಡೆಯುವ ಔಷಧಿ ಮೊದಲೇ ಕೊಟ್ಟಿರುತ್ತಾರೆ. ಆಸಿಡ್ ಮಾತ್ರೆಯನ್ನೂ ಅವತ್ತೇ ನಿಲ್ಲಿಸುವುದಿಲ್ಲ, ನಿಧಾನಕ್ಕೆ ಇಳಿಸುತ್ತಾರೆ. ತಟ್ಟನೆ ಬಿಟ್ಟರೆ ಕಟ್ಟಿಹಾಕಿದ್ದ ಪಂಪುಗಳು ಒಮ್ಮೆಗೇ ಜೋರಾಗಿ ಸುರಿಸುತ್ತವೆ, 'ಆಪರೇಷನ್ ಫೇಲಾಯಿತು' ಅಂತ ರೋಗಿ ಗಾಬರಿಯಾಗುತ್ತಾರೆ.

ವರ್ಷಗಳ ಮೇಲೆ ಮಡಿಕೆ ನಿಜವಾಗಿಯೇ ಸಡಿಲವಾದರೆ ಮಾತ್ರೆಗೆ ವಾಪಸ್ ಹೋಗಬಹುದು. ಟಿಐಎಫ್ ಅನ್ನೇ ಮತ್ತೆ ಮಾಡಬಹುದು. ನಿಸೆನ್ ಆಪರೇಷನ್ನಿನ ದಾರಿಯೂ ಮುಚ್ಚಿಹೋಗಿರುವುದಿಲ್ಲ. ಹಳೆಯ ಪಿನ್ನುಗಳು ಅಡ್ಡ ಬರುವುದರಿಂದ ಸರ್ಜನ್‌ಗೆ ಸ್ವಲ್ಪ ಜಾಸ್ತಿ ಕೆಲಸ, ಅಷ್ಟೇ.